ದೋಣಿಯ ಬ್ಯಾಟರಿಗೆ ಎಂಥ ಚಾರ್ಜರ್ ಹಾಕಲಿ?

ಪ್ರಶ್ನೆ: ನಮ್ಮದು ಫೈಬರ್ ನಾಡದೋಣಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಔಟ್‌ಬೋರ್ಡ್ ಇಂಜಿನ್. ಫಿಶ್ ಫೈಂಡರ್, ಜಿಪಿಎಸ್, ಲೈಟ್ ಎಲ್ಲದಕ್ಕೂ 100 ಎಎಚ್‌ನ (ಆಂಪಿಯರ್ ಅವರ್, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಒಂದೇ ಬ್ಯಾಟರಿ. ದಿನಾ ಅದನ್ನು ಸ್ಕೂಟರ್‌ನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಮನೆಗೆ ತಂದು ಚಾರ್ಜ್ ಮಾಡುತ್ತೇನೆ. ಸೊಂಟ ಹೋಯಿತು. ದೋಣಿಯಲ್ಲೇ ಕೂರಿಸುವ ಚಾರ್ಜರ್ ಹಾಕಬೇಕು ಅಂತಿದ್ದೇನೆ. ಅಂಗಡಿಯವರು 30 ಆಂಪಿಯರ್‌ನದ್ದೇ ತಗೊಳ್ಳಿ, ಬೇಗ ಆಗುತ್ತದೆ ಅನ್ನುತ್ತಾರೆ. (ಗಂಗೊಳ್ಳಿಯ ಓದುಗರು)

ಉತ್ತರ: ಆಂಪಿಯರ್ ಮಾತು ಆಮೇಲೆ. ದೋಣಿ ಕಟ್ಟುವ ಜಾಗದಲ್ಲಿ ಪ್ಲಗ್ ಪಾಯಿಂಟ್ ಇದೆಯಾ? ಇದ್ದರೆ ಎಷ್ಟು ಗಂಟೆ ಕರೆಂಟ್ ಸಿಗುತ್ತದೆ? ಇದನ್ನು ಕೇಳದೆ ಚಾರ್ಜರ್ ಮಾರುವವರನ್ನು ನಾನು ನಂಬುವುದಿಲ್ಲ. ಪ್ಲಗ್ಗೇ ಇಲ್ಲದಿದ್ದರೆ ಆ ಚಾರ್ಜರ್ ಸುಮ್ನೆ ಒಂದು ಭಾರ, ಆ ದುಡ್ಡಿಗೆ ಸೋಲಾರ್ ಹಾಕಿ. 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 20ರಿಂದ 25 ಎಎಚ್ ಕೊಡುತ್ತದೆ. ಮಳೆಗಾಲದಲ್ಲಿ ಅದರ ಆಸೆ ಬೇಡ.

ಪ್ಲಗ್ ಇದೆ ಅಂತಿಟ್ಟುಕೊಳ್ಳೋಣ. ನಿಮ್ಮ ಖರ್ಚು ಲೆಕ್ಕ ಹಾಕಿ. ಫಿಶ್ ಫೈಂಡರ್ ಮತ್ತು ಜಿಪಿಎಸ್ ಸೇರಿ ಒಂದೂವರೆ ಆಂಪಿಯರ್, ಲೈಟ್ ಎರಡು ಅಂತ ಹಿಡಿದರೆ 10 ಗಂಟೆಗೆ 35 ಎಎಚ್. ತುಂಬುವಾಗ ಸ್ವಲ್ಪ ಪೋಲಾಗುತ್ತದೆ, 40 ಅನ್ನಿ. 10 ಆಂಪಿಯರ್ ಚಾರ್ಜರ್ ಇದರ ದೊಡ್ಡ ಪಾಲನ್ನು ನಾಲ್ಕು ಗಂಟೆಯೊಳಗೆ ತುಂಬಿಸಿ, ಉಳಿದದ್ದನ್ನು ಇನ್ನೆರಡು ಮೂರು ಗಂಟೆಯಲ್ಲಿ ನಿಧಾನಕ್ಕೆ ತುಂಬುತ್ತದೆ. ಈ ಕೊನೆಯ ಭಾಗ ಅವಸರ ಕೇಳುವುದಿಲ್ಲ, 30 ಆಂಪಿಯರ್‌ನದ್ದು ತಂದರೂ ಅಷ್ಟೇ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದವರೆಗಿನ ಆಂಪಿಯರ್ ಸಾಕು. ನಿಮಗೆ 10, ಕರೆಂಟ್ ಕಮ್ಮಿ ಹೊತ್ತು ಸಿಗುವುದಾದರೆ 15.

ಆದರೆ ಗ್ಯಾರೇಜಿನ ಹಳೇ ಟ್ರಾನ್ಸ್‌ಫಾರ್ಮರ್ ಡಬ್ಬಿಯನ್ನು ದೋಣಿಗೆ ಸ್ಕ್ರೂ ಹೊಡೆದು ಕೂರಿಸಬೇಡಿ. ನಾನೊಮ್ಮೆ ಅಂಥದ್ದನ್ನು ರಾತ್ರಿ ಹಾಕಿ ಮಲಗಿದ್ದೆ. ಬೆಳಿಗ್ಗೆ ಮುಟ್ಟಿದರೆ ಬ್ಯಾಟರಿ ದೋಸೆ ಕಾವಲಿಯ ಹಾಗೆ ಸುಡುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ, ಮುಚ್ಚಳ ತೆಗೆದರೆ ಪ್ಲೇಟುಗಳು ನೀರಿಗಿಂತ ಮೇಲೆ ಎದ್ದು ಒಣಗಿದ್ದವು. ಎಂಟು ತಿಂಗಳ ಬ್ಯಾಟರಿ ಗುಜರಿಗೆ ಹೋಯಿತು. ತುಂಬಿದ ಮೇಲೆ ತಾನಾಗಿ 13.5 ವೋಲ್ಟ್ ಆಸುಪಾಸಿಗೆ ಇಳಿದು ಕೂರುವ ಚಾರ್ಜರ್ ಬೇಕು. ನಮ್ಮ ಕರಾವಳಿಯ ಸೆಖೆಗೆ ಟೆಂಪರೇಚರ್ ನೋಡಿ ವೋಲ್ಟ್ ತಗ್ಗಿಸುವಂಥದ್ದಾದರೆ ಇನ್ನೂ ಒಳ್ಳೆಯದು, ಯಾಕೆಂದರೆ 25 ಡಿಗ್ರಿಗೆ ಸರಿಯಾದ 14.4 ವೋಲ್ಟ್ 35 ಡಿಗ್ರಿಯಲ್ಲಿ ಸುಮಾರು 0.3 ವೋಲ್ಟ್ ಜಾಸ್ತಿಯೇ ಆಗುತ್ತದೆ.

ಮೈಮೇಲೆ ಐಪಿ 67 ಅಂತ ಇರಬೇಕು, ಅಂದರೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ಒಳಗೆ ನೀರು ಹೋಗುವುದಿಲ್ಲ. ಹಾಗಂತ ಬ್ಯಾಟರಿಯ ನೆತ್ತಿಯ ಮೇಲೋ ಪೆಟ್ರೋಲ್ ಕ್ಯಾನಿನ ಪಕ್ಕವೋ ಕೂರಿಸಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ವೈರ್ ಮಾತ್ರ ಕಲಾಯಿ ಹಾಕಿದ ತಾಮ್ರದ್ದೇ ಹಾಕಿ. ಈಗಿರುವ ವೈರಿನ ತುದಿಯನ್ನು ಎರಡಿಂಚು ಸುಲಿದು ನೋಡಿ, ತಾಮ್ರ ಹೊಳೆಯದೆ ಇದ್ದಲಿನ ಹಾಗೆ ಕಪ್ಪಾಗಿದ್ದರೆ ಉಪ್ಪುನೀರು ಒಳಗೆ ಹತ್ತಿದೆ ಅಂತ ಅರ್ಥ, ಅದಕ್ಕೆ ಎಷ್ಟು ಒಳ್ಳೆ ಚಾರ್ಜರ್ ಜೋಡಿಸಿದರೂ ದುಡ್ಡು ದಂಡ. ದಕ್ಕೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯಾ ನೋಡಿಸಿ, ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸದೆ ಒದ್ದೆ ಕಾಲಲ್ಲಿ ಅದರ ಹತ್ತಿರ ಹೋಗಬೇಡಿ. ಇದರಲ್ಲಿ ಕಂಜೂಸು ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆ: ನಮ್ಮ ಟ್ರಾಲ್ ಬೋಟಿನಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿದ್ದೇವೆ. ಒಟ್ಟಿಗೇ ತಂದದ್ದು, ಆದರೂ ಯಾವಾಗಲೂ ಒಂದೇ ಬ್ಯಾಟರಿ ಮೊದಲು ಸಾಯುತ್ತದೆ. ಚಾರ್ಜರ್ ಬದಲಿಸಿದರೆ ಸರಿಯಾಗುತ್ತಾ? (ಮಲ್ಪೆಯ ಓದುಗರು)

ಉತ್ತರ: ಮೊದಲು ಆ ಬ್ಯಾಟರಿಗೆ ಯಾರು ಕನ್ನ ಹಾಕಿದ್ದಾರೆ ಹುಡುಕಿ. ಟೇಪ್ ಸುತ್ತಿದ ಒಂದು ತೆಳು ವೈರ್ ಅದರಿಂದ ಹೊರಟು ಕ್ಯಾಬಿನ್‌ಗೆ ಹೋಗಿರುತ್ತದೆ, ಅಲ್ಲಿ ಮ್ಯೂಸಿಕ್ ಸಿಸ್ಟಮ್ಮೋ ನಾಲ್ಕೈದು ಮೊಬೈಲ್ ಚಾರ್ಜರ್ರೋ ಇರುತ್ತವೆ, ಅಲ್ವಾ? ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದರೆ ಅದು ಸದಾ ಅರೆಹೊಟ್ಟೆ. 24 ವೋಲ್ಟಿನ ಚಾರ್ಜರ್‌ಗೆ ಇದು ಗೊತ್ತಾಗುವುದಿಲ್ಲ. ಅದು ಎರಡನ್ನೂ ಒಂದೇ ಅಂದುಕೊಂಡು ತುಂಬುತ್ತದೆ, ಹೊಟ್ಟೆ ತುಂಬಿದ್ದು ಕುದಿಯುತ್ತದೆ, ಹಸಿದದ್ದು ಹಸಿದೇ ಇರುತ್ತದೆ. ಆ ವೈರ್ ಕಿತ್ತು 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಚಾರ್ಜರ್ ತೆಗೆದುಕೊಳ್ಳುವುದೇ ಆದರೆ ಎರಡು ಬ್ಯಾಂಕಿನದ್ದು ತೆಗೆದುಕೊಳ್ಳಿ. ಅದು ಪ್ರತಿ ಬ್ಯಾಟರಿಗೂ ಬೇರೆ ಬೇರೆ ಬಡಿಸುತ್ತದೆ, ಸೀರೀಸ್ ಕನೆಕ್ಷನ್ ಬಿಚ್ಚಬೇಕಿಲ್ಲ. ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಕ್ಕೆಯಲ್ಲೇ ನಿಂತಿರುತ್ತದಲ್ಲ, ಹೆಚ್ಚಿನ ಬ್ಯಾಟರಿ ಹಾಳಾಗುವುದು ಆಗಲೇ. ಬಳಸದೆ ಇಟ್ಟರೂ ಅದು ತಾನಾಗಿ ಇಳಿಯುತ್ತದೆ, ಇಳಿದೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆ ಎರಡು ತಿಂಗಳು ಕಾವಲು ಇದ್ದಾಗ ಮಾತ್ರ ಹದಿನೈದು ದಿನಕ್ಕೊಮ್ಮೆ ಚಾರ್ಜರ್ ಹಾಕಿ, ಡಿಸ್ಟಿಲ್ಡ್ ವಾಟರ್ ನೋಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ತನ್ನ ಬೋಟಿನ ಹಳೇ ಆನ್‌ಬೋರ್ಡ್ ಚಾರ್ಜರ್ ತಂದುಕೊಡುತ್ತೇನೆ ಅಂದಿದ್ದಾನೆ. ನಾನು ಲಿಥಿಯಂ ಬ್ಯಾಟರಿ ಹಾಕಿಸಿದ್ದೇನೆ. ನಡೆಯುತ್ತಾ? (ಕಾರವಾರದ ಓದುಗರು)

ಉತ್ತರ: ಅಣ್ಣನಿಗೆ ಚಾರ್ಜರ್‌ನ ಹಿಂದಿರುವ ಲೇಬಲ್ಲಿನ ಫೋಟೊ ಕಳಿಸಲು ಹೇಳಿ. ಇನ್‌ಪುಟ್ 100ರಿಂದ 240 ವೋಲ್ಟ್ ಅಂತಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ಅಂತಿದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಸುಟ್ಟುಹೋಗಬಹುದು. ಆಮೇಲೆ ಲಿಥಿಯಂ ಸೆಟ್ಟಿಂಗ್ ಇದೆಯಾ ಕೇಳಿ. ಲೆಡ್ ಆಸಿಡ್‌ಗೆ ಅಂತಲೇ ಮಾಡಿದ ಕೆಲವು ಚಾರ್ಜರ್‌ಗಳು ಈಕ್ವಲೈಸ್ ಅಂತ, ಅಂದರೆ ಒಳಗಿನ ಸೆಲ್‌ಗಳನ್ನು ಸಮ ಮಾಡಲು, 15 ವೋಲ್ಟ್ ದಾಟಿಸುತ್ತವೆ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ 14.6 ದಾಟಲೇಬಾರದು. ಎರಡರಲ್ಲಿ ಒಂದು ಇಲ್ಲದಿದ್ದರೂ ಅಣ್ಣನಿಗೆ ಚಾಕಲೇಟ್ ತರಲು ಹೇಳಿ, ಚಾರ್ಜರ್ ಇಲ್ಲೇ ಕೊಳ್ಳಿ.