ರಕ್ತದ ಕೊಬ್ಬು ಬೇರೆ, ಮಿದುಳಿನ ಕೊಬ್ಬು ಬೇರೆ

‘ಮಿದುಳಿಗೆ ಕೊಲೆಸ್ಟರಾಲ್ ಬೇಕೇ ಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಅಪ್ಪನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 68ಕ್ಕೆ ಇಳಿದಿದೆ, ಎಂಆರ್‌ಐಯಲ್ಲಿ ಮಿದುಳಿನ ಬಿಳಿ ದ್ರವ್ಯದಲ್ಲಿ (ನರತಂತುಗಳಿರುವ ಭಾಗ) ಕಲೆಗಳು ಕಂಡಿವೆ. ಮಾತ್ರೆ ನಿಲ್ಲಿಸಿಬಿಡಲೇ?’ ಎಂದು ಕೇಳಿದ್ದೀರಿ.

ನೀವು ಓದಿದ್ದರಲ್ಲಿ ನಿಜವಿದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೇಹದ ಕೊಲೆಸ್ಟರಾಲಿನಲ್ಲಿ ಸುಮಾರು ಶೇ 20ನ್ನು ಹಿಡಿದಿಟ್ಟುಕೊಂಡಿದೆ. ಅದರ ಬಹುಪಾಲು ಇರುವುದು ನರತಂತುಗಳನ್ನು ಸುತ್ತಿದ ಮಯಲಿನ್ ಪೊರೆಯಲ್ಲಿ. ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಕಲೆಗಳು ಕಡಿಮೆ ಎಂದ ಅಧ್ಯಯನಗಳೂ ಇವೆ.

ಅಲ್ಲಿಂದ ಮಾತ್ರೆ ನಿಲ್ಲಿಸುವ ತೀರ್ಮಾನಕ್ಕೆ ಹಾರಿದ್ದೀರಲ್ಲ, ಅದನ್ನು ಒಪ್ಪಲಾರೆ. ರಕ್ತದ ಎಲ್‌ಡಿಎಲ್ ಕಣಗಳು ರಕ್ತ-ಮಿದುಳು ತಡೆಗೋಡೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಂಡು ವರ್ಷಗಟ್ಟಲೆ ಬಳಸುತ್ತದೆ. ರಕ್ತದಲ್ಲಿ 68 ಇದೆ ಎಂದರೆ ಮಯಲಿನ್ ಉಪವಾಸ ಬಿದ್ದಿದೆ ಎಂದಲ್ಲ. ಪ್ರವಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಕೊಟ್ಟು ವೃದ್ಧರ ಎಂಆರ್‌ಐ ತೆಗೆದ ಪ್ರಯೋಗದಲ್ಲಿ ಕಲೆಗಳು ಬೆಳೆದ ವೇಗ ಮಾತ್ರೆ ತಿಂದವರಲ್ಲೂ ತಿನ್ನದವರಲ್ಲೂ ಒಂದೇ ಇತ್ತು. ಇವೊಲೊಕುಮ್ಯಾಬ್ ಚುಚ್ಚುಮದ್ದಿನಿಂದ ಎಲ್‌ಡಿಎಲ್ ಇನ್ನೂ ಕೆಳಗಿಳಿದವರ ನೆನಪು, ಗ್ರಹಿಕೆ ಕುಂದಲಿಲ್ಲ ಎಂದು 2017ರ ಪ್ರಯೋಗ ತೋರಿಸಿತು. ಇನ್ನೊಂದು ವಿಷಯ: ಮರೆವಿನ ಕಾಯಿಲೆ ಹೊರಗೆ ಕಾಣುವ ಎಷ್ಟೋ ವರ್ಷ ಮೊದಲೇ ಕೆಲವರ ಕೊಲೆಸ್ಟರಾಲ್ ತಾನಾಗಿ ಇಳಿಯುತ್ತದೆ. ಕಾಯಿಲೆಯ ಪರಿಣಾಮವನ್ನೇ ಕಾರಣವೆಂದು ಓದಿಕೊಳ್ಳುವ ತಪ್ಪು ಆಗುವುದು ಇಲ್ಲೇ. ಲ್ಯಾನ್ಸೆಟ್ ವೈದ್ಯಪತ್ರಿಕೆಯ 2024ರ ತಜ್ಞರ ಆಯೋಗವಂತೂ ನಡುವಯಸ್ಸಿನ ಹೆಚ್ಚಿದ ಎಲ್‌ಡಿಎಲ್ಲನ್ನು ಮರೆವಿನ ಕಾಯಿಲೆಯ ಅಪಾಯಗಳ ಪಟ್ಟಿಗೆ ಸೇರಿಸಿದೆ.

ವಯಸ್ಸನ್ನು ಬಿಟ್ಟರೆ, ಈ ಕಲೆಗಳ ಹಿಂದೆ ಹೆಚ್ಚಾಗಿ ಇರುವುದು ರಕ್ತದೊತ್ತಡ. ಸ್ಪ್ರಿಂಟ್ ಮೈಂಡ್ ಎಂಬ ರಕ್ತದೊತ್ತಡ ಪ್ರಯೋಗದ 2019ರ ವರದಿಯಲ್ಲಿ ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗಿಡಲು ಯತ್ನಿಸಿದ ಗುಂಪಿನಲ್ಲಿ ಕಲೆಗಳು 0.92 ಘನ ಸೆಂಟಿಮೀಟರ್ ಬೆಳೆದವು. 140ರ ಗುರಿಯ ಗುಂಪಿನಲ್ಲಿ 1.45. ಕೊಲೆಸ್ಟರಾಲ್ ಬಗ್ಗೆ ಎರಡು ಪುಟ ಬರೆದ ನೀವು ತಂದೆಯವರ ಬಿಪಿ ಎಷ್ಟೆಂದು ಎಲ್ಲೂ ಹೇಳಿಲ್ಲ!

ಈ ವಾರವೇ ಅಳೆಯಿರಿ. ಮೂತ್ರ ವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಲಿ. ಬಿಪಿ ಯಂತ್ರದ ಪಟ್ಟಿ ಬರಿತೋಳಿಗಿರಲಿ, ತೋಳು ಎದೆಮಟ್ಟಕ್ಕಿರಲಿ. ತೋಳು ಜೋತುಬಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದು ವೈದ್ಯರಿಗೆ ತೋರಿಸಿ. ಕಲೆಗಳು ಎಷ್ಟು ಹರಡಿವೆ ಎಂದು ಹೇಳುವ ಫಝೆಕಾಸ್ ದರ್ಜೆಯನ್ನೂ ಕೇಳಿ: 1 ಎಂದರೆ ಚುಕ್ಕೆಗಳು, ಈ ವಯಸ್ಸಿನಲ್ಲಿ ಸಾಮಾನ್ಯ, 3 ಎಂದರೆ ಅವು ಹರಡಿ ಒಂದಾಗಿವೆ. ಮಾತ್ರೆಯ ವಿಷಯ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ದರ್ಜೆ ಬರೆಯದೆ ಬರೀ ‘ಬದಲಾವಣೆಗಳಿವೆ’ ಎಂದು ಬರೆದು ಕೈತೊಳೆದುಕೊಳ್ಳುವ ಸ್ಕ್ಯಾನ್ ವರದಿಗಳ ಮೇಲೆ, ಅದನ್ನು ಬಿಡಿಸಿ ಹೇಳಲು ಎರಡು ನಿಮಿಷ ಕೊಡದ ಚಿಕಿತ್ಸಾಲಯಗಳ ಮೇಲೆ. ಅಲ್ಲಿ ಸಿಗದ ಉತ್ತರವನ್ನು ಜನ ಮೊಬೈಲಿಗೆ ಬಂದ ಸಂದೇಶದಲ್ಲಿ ಹುಡುಕುತ್ತಾರೆ.