ವರ್ಷಕ್ಕೊಂದು ಭಾಷಣ ಸಾಲದು ಮೇಷ್ಟ್ರೇ

ಪ್ರಶ್ನೆ: ಪ್ರತಿ ವರ್ಷ ನಮ್ಮ ಹೈಸ್ಕೂಲಿಗೆ ಡಾಕ್ಟರನ್ನು ಕರೆಸಿ, ಹೆಣ್ಣುಮಕ್ಕಳಿಗೆ ಹರೆಯದ ಆರೋಗ್ಯದ ಬಗ್ಗೆ ಒಂದು ಗಂಟೆ ಭಾಷಣ ಮಾಡಿಸುತ್ತೇವೆ. ಮಕ್ಕಳು ತಲೆ ತಗ್ಗಿಸಿ ಕೂರುತ್ತಾರೆ, ಏನೂ ಕೇಳುವುದಿಲ್ಲ. ಹೇಗೆ ಸುಧಾರಿಸುವುದು?
– ಮುಖ್ಯಶಿಕ್ಷಕರು, ಹಾವೇರಿ ಜಿಲ್ಲೆ

ಸುಧಾರಿಸಬೇಡಿ, ನಿಲ್ಲಿಸಿಬಿಡಿ. ಇಂಥ ಭಾಷಣಕ್ಕೆ ನನ್ನನ್ನೂ ಕರೆಯುತ್ತಲೇ ಇರುತ್ತಾರೆ, ಈಗ ನಾನು ಒಪ್ಪುವುದಿಲ್ಲ. ಅಪರಿಚಿತ ಡಾಕ್ಟರ್ ಮುಂದೆ, ನೂರು ಜನರ ನಡುವೆ, ಯಾವ ಹುಡುಗಿ ಎದ್ದು ನಿಂತು ಬಿಳಿ ಸೆರಗಿನ ಬಗ್ಗೆ ಕೇಳುತ್ತಾಳೆ?

ಬಿಹಾರದ ನಳಂದ ಜಿಲ್ಲೆಯ ಹೈಸ್ಕೂಲುಗಳಲ್ಲಿ 'ಸೆಹೆರ್' ಎಂಬ ಪ್ರಯೋಗ ನಡೆಯಿತು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹರೆಯದ ಮಕ್ಕಳ ಆರೋಗ್ಯದ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು ನಡೆಸಿದರು, ಕೆಲವು ಕಡೆ ತರಬೇತಿ ಪಡೆದ ಆಪ್ತಸಮಾಲೋಚಕರು ನಡೆಸಿದರು. ಮಕ್ಕಳು ಚೀಟಿ ಹಾಕಲು ಪೆಟ್ಟಿಗೆ, ಗೋಡೆ ಪತ್ರಿಕೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತು, ಇವೆಲ್ಲ ಇದ್ದವು. ಆಪ್ತಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಹಿಂಸೆ, ಖಿನ್ನತೆ ಕಡಿಮೆಯಾಯಿತು, ಲೈಂಗಿಕ ಆರೋಗ್ಯದ ತಿಳಿವಳಿಕೆ ಹೆಚ್ಚಿತು. ಶಿಕ್ಷಕರು ನಡೆಸಿದ ಕಡೆ ಅಂಥ ಫಲ ಕಾಣಲಿಲ್ಲ. ಶಿಕ್ಷಕರನ್ನು ದೂರುತ್ತಿಲ್ಲ. ಮಾರ್ಕ್ಸ್ ಹಾಕುವವರ ಹತ್ತಿರ ಮಕ್ಕಳು ಗುಟ್ಟು ಹೇಳುವುದು ಕಷ್ಟ, ಅಲ್ವಾ?

ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಹೋಗಿ ಕೇಳಿ. 10ರಿಂದ 19 ವರ್ಷದವರಿಗಾಗಿ 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಕ್ಲಿನಿಕ್‌ಗಳಿಗೆ ಆಪ್ತಸಮಾಲೋಚಕರಿದ್ದಾರೆ. ತಿಂಗಳಿಗೊಮ್ಮೆ ಬರಲಿ, ಆದರೆ ಪ್ರತಿ ಸಲ ಅದೇ ವ್ಯಕ್ತಿ ಬರಲಿ. ಪಾಠದಂತೆ ಓದಿ ಹೇಳಿದರೆ ಸಾಲದು. ಬೇಡ ಅನ್ನುವುದು ಹೇಗೆ, ಯಾರಾದರೂ ಫೋಟೋ ಕೇಳಿದರೆ ಏನು ಮಾಡಬೇಕು ಅನ್ನುವುದನ್ನು ಮಕ್ಕಳೇ ಆಡಿ ನೋಡಲಿ. ಒಮ್ಮೆ ಕ್ಲಿನಿಕ್‌ಗೂ ಕರೆದುಕೊಂಡು ಹೋಗಿ. ಬಾಗಿಲು ಗೊತ್ತಿದ್ದರೆ ಆಮೇಲೆ ಅವರೇ ಹೋಗುತ್ತಾರೆ.

ಆ ಹೊತ್ತಿಗೆ ಹುಡುಗರನ್ನು ಮೈದಾನಕ್ಕೆ ಕಳಿಸಿಬಿಡಬೇಡಿ, ಅವರಿಗೂ ಹೇಳಿ. ನೀವು ಹೇಳದಿದ್ದರೆ ಬಸ್ ಸ್ಟ್ಯಾಂಡ್ ಗೋಡೆ ಮೇಲಿನ 'ಗುಪ್ತರೋಗ ತಜ್ಞ' ಹೇಳುತ್ತಾನೆ, ದುಡ್ಡೂ ಕೀಳುತ್ತಾನೆ.

ಒಂದು ಎಚ್ಚರಿಕೆ. 'ಯಾರಿಗೂ ಹೇಳಲ್ಲ' ಎಂದು ಮಕ್ಕಳಿಗೆ ಮಾತು ಕೊಡಬೇಡಿ. 18 ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಯಾವುದು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ನಂಬಿ ಹೇಳಿಕೊಂಡ ಮಗುವಿಗೆ ಆಮೇಲೆ ಆಘಾತ ಆಗಬಾರದು.

ಪ್ರಶ್ನೆ: ಇದೆಲ್ಲ ಕಲಿಸಿದರೆ ಮಕ್ಕಳು ಹಾಳಾಗುವುದಿಲ್ವಾ?
ಇಲ್ಲ. ಹಲವು ದೇಶಗಳ ಅಧ್ಯಯನಗಳನ್ನು ನೋಡಿ ಯುನೆಸ್ಕೋ 2018ರಲ್ಲೇ ಇದನ್ನು ಹೇಳಿದೆ. ಮತ್ತೆ ಮತ್ತೆ ಕೇಳಬೇಡಿ.

ಪ್ರಶ್ನೆ: ಶಾಲೆಯ ನೀಲಿ ಮಾತ್ರೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲವಂತೆ?
ಶುದ್ಧ ಸುಳ್ಳು. ಅದು ರಕ್ತಹೀನತೆ ತಡೆಯುವ ಕಬ್ಬಿಣದ ಮಾತ್ರೆ. ಖಾಲಿ ಹೊಟ್ಟೆಗೆ ಬೇಡ, ಊಟ ಆದ ಮೇಲೆ ಕೊಡಿ.

ಪ್ರಶ್ನೆ: ಹದಿನಾರರ ಮಗನಿಗೆ ನಿದ್ದೆಯಲ್ಲಿ ಧಾತು ಹೋಗುತ್ತಿದೆ. ಪುಡಿ ಕೊಡಿಸಲೇ?
ಬೇಡ. ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆಯೇ ಅಲ್ಲ. ಇವತ್ತೇ ಅವನಿಗೆ ಹಾಗಂತ ಹೇಳಿ. ಸುಮ್ನೆ ಹೆದರಿಕೊಂಡಿರುತ್ತಾನೆ.