899 ರೂಪಾಯಿಗೆ ಬರ್ಬೆರಿ ಫ್ರಾಕ್ ತರಿಸಬಹುದಾ?

ಮಗಳ ಹುಟ್ಟುಹಬ್ಬಕ್ಕೆ ಇನ್‌ಸ್ಟಾಗ್ರಾಮ್ ಪುಟವೊಂದರಿಂದ ತೀರ್ಥಹಳ್ಳಿಗೆ 899 ರೂಪಾಯಿಯ ಬರ್ಬೆರಿ ಫ್ರಾಕ್ ತರಿಸಬಹುದಾ, ಅಸಲಿ ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ್ದೀರಿ. ಬೇಡ ಮೇಡಂ. ಬರ್ಬೆರಿ ಅಂದ್ರೆ ಬ್ರಿಟನ್ನಿನ ದುಬಾರಿ ಬ್ರ್ಯಾಂಡು, ಅದರ ಮಕ್ಕಳ ಫ್ರಾಕಿಗೆ ಹತ್ತಾರು ಸಾವಿರ ಬೆಲೆ ಇದೆ. 'ಫಸ್ಟ್ ಕಾಪಿ' ಅಂತ ಬರೆದಿದ್ದರಂತೂ ನಕಲಿ ಅಂತ ಅವರೇ ಒಪ್ಪಿಕೊಂಡ ಹಾಗೆ.

ಬೇರೆ ಕಡೆ ನೋಡುವುದಾದರೆ ಒಳಭಾಗದ ಫೋಟೋ ಕೇಳಿ. ಚೌಕುಳಿ ಬಟ್ಟೆಯಲ್ಲಿ ಪಕ್ಕದ ಹೊಲಿಗೆ, ಜೇಬಿನ ಹತ್ತಿರ ಗೆರೆಗೆ ಗೆರೆ ಕೂಡಬೇಕು. ಹಾಗೆ ಕೂಡಿಸಲು ಬಟ್ಟೆ ಜಾಸ್ತಿ ಬೇಕು, ನಕಲಿಯವರು ಉಳಿಸುವುದೇ ಅಲ್ಲಿ. ಒಳಪಟ್ಟಿಯಲ್ಲಿ ನೂಲಿನ ವಿವರ, ಒಗೆಯುವ ಗುರುತು, ತಯಾರಾದ ದೇಶ ಸ್ಪಷ್ಟವಾಗಿರಲಿ. ಮಾರುವವರ ಹೆಸರು, ವಿಳಾಸ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಬರೀ ವಾಟ್ಸಾಪ್ ನಂಬರ್ ಇದ್ದರೆ ಬಿಟ್ಟುಬಿಡಿ.

ನನಗೆ ದುಡ್ಡಿಗಿಂತ ಮಗುವಿನ ಚಿಂತೆ. ಸಡಿಲ ಗುಂಡಿ ಕಿತ್ತು ಬಾಯಿಗೆ ಹೋದರೆ ಅಪಾಯ. ಬಣ್ಣ ಬಿಡುವ ಬಟ್ಟೆ ನಮ್ಮ ಮಳೆಗಾಲದಲ್ಲಿ ಒಣಗದೆ, ಹಸಿಯಾಗೇ ಮೈಗೆ ತಾಗುತ್ತದೆ. ಅದರ ಬದಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಳ್ಳೆಯ ಕಾಟನ್ ಮುಟ್ಟಿ ನೋಡಿ ತಂದು ಹೊಲಿಸಿ.

ಈಗಾಗಲೇ ದುಡ್ಡು ಹಾಕಿದ್ದರೆ ಚಾಟ್, ಯುಪಿಐ ವಿವರ ಅಳಿಸಬೇಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ನಕಲಿ ಬಂದರೆ ಗ್ರಾಹಕ ಸಹಾಯವಾಣಿ 1915, ಪುಟವೇ ಮಾಯವಾದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ.